ಎತ್ತು ಕಟ್ಟದ ಸೋಮವಾರ

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಆರು ಕಟ್ಟಿ ಉಳುವವನು ಉಳುವುದಿಲ್ಲ, ಗಾಡಿ ಹೊಡೆಯುವವನು ಗಾಡಿ ಹೊಡೆಯುವುದಿಲ್ಲ. ಕೊಳ್ಳೇಗಾಲದಿಂದ ಹನೂರು ದಾಟಿ ಹೂಗ್ಯಂವರೆಗೂ ದಾರಿ ಸುಮ್ಮನೆ ಬಿದ್ದಿರುತ್ತದೆ. ಆ ಬರಿದಾದ ದಾರಿಯನ್ನು ನಂಬಿಯೇ ನಾನು ಮೇಲೆ ಬಂದವನು. ಎಲ್ಲರೂ ನಿಂತಿರುವ ದಿನ ಒಬ್ಬ ಓಡಿದರೆ ಏನು ಸಿಗುತ್ತದೆ ಎಂಬುದು ಯುದ್ಧದ ಆ ವರ್ಷಗಳಲ್ಲಿ ನನಗೊಬ್ಬನಿಗೇ ಹೊಳೆದಿತ್ತು.

ನನ್ನ ಕೆಲಸ ರೇಷ್ಮೆ ಗೂಡು ಕೊಳ್ಳುವುದು. ಕೊಂಡ ಗೂಡನ್ನು ಕೊಳ್ಳೇಗಾಲಕ್ಕೆ ತಂದು, ಮನೆಯ ಪಕ್ಕದ ಚರಕದ ಕೊಟ್ಟಿಗೆಯಲ್ಲಿ ನೂಲು ತೆಗೆಸಿ ಮಾರುವುದು. ಆಗ ರೇಷ್ಮೆ ಎಷ್ಟಿದ್ದರೂ ಸಾಲದು. ವಿಮಾನದಿಂದ ಧುಮುಕುವ ಸಿಪಾಯಿಗಳ ಕೊಡೆಗೆ ನಮ್ಮ ನೂಲು ಹೋಗುತ್ತದಂತೆ ಎಂದು ಊರೆಲ್ಲ ಮಾತು. ಎಲ್ಲಿಗೆ ಹೋದರೇನು, ನೂಲು ಸುತ್ತಿ ಲಡಿಯಾಗುವ ಮೊದಲೇ ಗಿರಾಕಿ ಬಾಗಿಲಲ್ಲಿ ನಿಂತಿರುತ್ತಿದ್ದ.

ಈ ವ್ಯಾಪಾರದಲ್ಲಿ ಅವಸರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಹುಳವೇ ಹೇಳಿಕೊಡುತ್ತದೆ. ಗೂಡು ಕಟ್ಟಿಕೊಂಡ ಹುಳ ಒಳಗೇ ಕೂತು ಚಿಟ್ಟೆಯಾಗುತ್ತದೆ. ಕೆಲವೇ ದಿನಕ್ಕೆ ಗೂಡಿನ ತುದಿ ತೂತು ಮಾಡಿಕೊಂಡು ಆಚೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ, ಅದು ಕಸ. ಹಾಗಾಗಿ ಚಿಟ್ಟೆ ಏಳುವ ಮೊದಲೇ ಗೂಡನ್ನು ಕುದಿಯುವ ಹಂಡೆಯ ಮೇಲೆ ಬುಟ್ಟಿಯಲ್ಲಿಟ್ಟು ಆವಿ ಕೊಟ್ಟು ಒಳಗಿನ ಹುಳ ಸಾಯಿಸಬೇಕು, ಆಮೇಲೆ ನೆರಳಲ್ಲಿ ಹರಡಿ ಆರಿಸಬೇಕು. ಹುಳ ಸಾಕುವವನ ಕೈಯಲ್ಲಿ ಗೂಡು ಇರುವುದು ಬಹಳ ಚಿಕ್ಕ ಕಾಲ. ಅದರಲ್ಲಿ ಒಂದು ದಿನ ಸೋಮವಾರ ಬಂದರೆ ಗಾಡಿ ಇಲ್ಲ. ಬಸ್ಸಿನವರು ಗೂಡು ಹತ್ತಿಸುವುದಿಲ್ಲ. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಆ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು. ಅಂಥ ದಿನ ನಾನು ಸೈಕಲ್ ಹತ್ತಿ, ಹಿಂದೆ ಇಬ್ಬರು ತಲೆಹೊರೆಯ ಆಳುಗಳನ್ನು ನಡೆಸಿಕೊಂಡು ಅವರ ಬಾಗಿಲಿಗೇ ಹೋಗುತ್ತಿದ್ದೆ. ನಾಳೆಗೆ ಬೆಲೆ ಇಳಿಯುತ್ತದೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಹೆಚ್ಚು ಮಾತೇ ಬೇಕಾಗಿರಲಿಲ್ಲ.

ಸೋಮವಾರ ಓಡಿದವನು ಮಂಗಳವಾರ ಕೂತಿರಲು ಆಗುತ್ತದೆಯೆ? ಅವತ್ತು ಆವಿ ಕೊಡಬೇಕು. ಬುಧವಾರ ಗೂಡು ಬೇಯಿಸಿ ಎಳೆ ಬಿಚ್ಚುವ ಬಾಣಲೆ ಕಾಯಬೇಕು. ಲಡಿ ಕಟ್ಟಿ ಮಗ್ಗದವರ ಬೀದಿಗೆ ಹೋಗಬೇಕು. ಯಳಂದೂರು ಕಡೆ ಹೊನ್ನೂರಿನಿಂದ ಸೌದೆ ತರಿಸಬೇಕು. ನಿದ್ದೆಯಲ್ಲೂ ನನ್ನ ಬೆರಳು ಆಡುತ್ತಿದ್ದವು ಎಂದು ಹೆಂಡತಿ ಹೇಳುತ್ತಿದ್ದಳು. ಊಟಕ್ಕೆ ಕೂತರೆ ಎರಡನೇ ತುತ್ತಿಗೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದೆ. ಅದನ್ನು ನಾನು ಚುರುಕುತನ ಎಂದುಕೊಂಡಿದ್ದೆ.

ಕೈ ನಡುಗಲು ಶುರುವಾದದ್ದು ಯಾವಾಗ ಎಂದು ಹೇಳಲಾರೆ. ಮೊದಲು ಗುರುತಿಸಿದ್ದು ನಾನಲ್ಲ, ಹನೂರು ದಾರಿಯ ಊರೊಂದರ ಹುಳ ಸಾಕುವವನು. ಆ ಸೀಮೆಯಲ್ಲಿ ಹದವಾದ ಗೂಡು ಎಂದರೆ ಅವನದೇ. ನಮ್ಮಲ್ಲಿ ಗೂಡಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಯ ಮೇಲೂ ಟವೆಲ್ಲು ಮುಚ್ಚಿ, ಅದರೊಳಗೆ ಬೆರಳು ಹಿಡಿದು ಅದುಮುತ್ತೇವೆ. ಯಾವ ಬೆರಳು, ಎಷ್ಟು ಬೆರಳು ಎಂಬುದರಲ್ಲೇ ವ್ಯಾಪಾರ. ಮೇಲೆ ಬಾಯಿ ಮಾತ್ರ ಮಳೆಯ ವಿಷಯವನ್ನೋ ಮದುವೆಯ ವಿಷಯವನ್ನೋ ಆಡುತ್ತಿರುತ್ತದೆ. ಎದುರಿನವನ ಅಂಗೈ ಬೆವರಿದೆಯೆ, ಬೆರಳು ಎಳೆದುಕೊಳ್ಳುತ್ತಾನೆಯೆ, ತಡೆಯುತ್ತಾನೆಯೆ ಎಂಬುದರ ಮೇಲೆ ನಾನು ಆಳನ್ನು ಅಳೆಯುತ್ತಿದ್ದೆ. ಕೈ ಎರಡು ಇರುತ್ತವೆ, ಅಳೆಯುವುದು ಎರಡೂ ಕಡೆಯಿಂದ ನಡೆಯುತ್ತದೆ ಎಂಬುದು ಮಾತ್ರ ಮರೆತಿತ್ತು.

ಅವತ್ತು ಅವನು ನನ್ನ ಬೆರಳು ಹಿಡಿದವನು ಮಳೆಯ ಮಾತನ್ನು ಅರ್ಧಕ್ಕೇ ಬಿಟ್ಟ.

"ಯಾಕ್ಸಾ, ಕೈ ಇಂಗ್ ಆಡ್ತಾ ಅದ? ಚಳಿ ಜರನಾ?"

ಸೈಕಲ್ ತುಳಿದ ಆಯಾಸ ಎಂದೆ. ಅವನು ನಕ್ಕ. "ಅಂಗಾರ ನಾಳಕ್ಕೇ ಮಾಡನ ಬುಡಿ ಸಾ. ನಂಗಿಂತ ನಿಮಗೇ ಅರ್ಜೆಂಟು ಇದ್ದಂಗದ."

ಆ ದಿನ ಅವನು ಕೇಳಿದಷ್ಟು ಕೊಟ್ಟು ಬಂದೆ. ಮುಂದಿನ ಸೋಮವಾರ ಅವನ ಪಕ್ಕದ ಮನೆಯವನೂ ನನ್ನ ಬೆರಳು ಹಿಡಿದು, ನಾಳೆ ಮಾಡೋಣ ಎಂದ. ಮಾತು ಹರಡಿತ್ತು. ಟವೆಲ್ಲಿನೊಳಗೆ ನನ್ನ ಕೈ ನಾನು ಹೇಳದ ಮಾತನ್ನೆಲ್ಲ ಹೇಳುತ್ತಿತ್ತು. ವ್ಯಾಪಾರಕ್ಕಿಳಿಯುವವರಿಗೆ ಒಂದು ಮಾತು ಹೇಳುತ್ತೇನೆ: ನಿಮಗೆ ಅವಸರವಿದೆ ಎಂಬುದು ಎದುರಿನವನಿಗೆ ತಿಳಿದ ಮೇಲೆ ನಿಮ್ಮ ಹತ್ತಿರ ಮಾರುವುದಕ್ಕೂ ಕೊಳ್ಳುವುದಕ್ಕೂ ಏನೂ ಉಳಿಯುವುದಿಲ್ಲ.

ಆದರೂ ನಿಲ್ಲಿಸಲಿಲ್ಲ. ಬೆಲೆಯಲ್ಲಿ ಹೋದದ್ದನ್ನು ಓಟದಲ್ಲಿ ತುಂಬಿಸಿಕೊಳ್ಳೋಣ ಎಂದು ಮಾರ್ಟಳ್ಳಿಯವರೆಗೂ ಹೋಗತೊಡಗಿದೆ. ಅಲ್ಲಿ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮಾತಾಡಿ ಹೊಸ ಮನೆಗಳನ್ನು ಹಿಡಿದೆ. ಗೂಡು ಎಷ್ಟು ದಿನದ್ದು ಎಂದು ತಿಳಿಯಲು ನಾವು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗಿನ ಹುಳ ಇನ್ನೂ ಮೆತ್ತಗಿದ್ದರೆ ಸದ್ದಿಲ್ಲ. ಗಟ್ಟಿಯಾದರೆ ಕಾಳು ಆಡಿದ ಹಾಗೆ ಆಡುತ್ತದೆ. ಚಿಟ್ಟೆಯಾಗುವ ಹೊತ್ತು ಬಂದರೆ ಆ ಸದ್ದು ಮತ್ತೆ ಮಂದವಾಗುತ್ತದೆ. ಈ ಸದ್ದುಗಳ ವ್ಯತ್ಯಾಸವೇ ನನ್ನ ವಿದ್ಯೆ, ಬೇರೆ ಯಾವ ವಿದ್ಯೆಯನ್ನೂ ಯಾರೂ ನನಗೆ ಕಲಿಸಿರಲಿಲ್ಲ. ಈಗ ಕಿವಿಯ ಹತ್ತಿರ ಗೂಡು ಹಿಡಿದರೆ ಅಲ್ಲಾಡಿಸುವ ಮೊದಲೇ ಆಡುತ್ತಿತ್ತು. ಕೈ ನಡುಗಿದ್ದೋ ಹುಳ ಆಡಿದ್ದೋ ತಿಳಿಯದು. ಒಂದೆರಡು ಸಲ ನೋಡಿ, ಸರಿಯಾಗಿದೆ ಎಂದು ಟವೆಲ್ಲು ಹಾಕಿಬಿಡುತ್ತಿದ್ದೆ.

ಹಾಗೆ ಒಂದು ಸೋಮವಾರ ಎರಡು ಮನೆಯ ಗೂಡನ್ನು ಬುಟ್ಟಿಗಳಲ್ಲಿ ಒಟ್ಟಿಗೇ ಬೆರೆಸಿ ತುಂಬಿಸಿದೆ. ದಾರಿಯಲ್ಲಿ ಸೈಕಲ್ಲಿನ ಟ್ಯೂಬು ಹೋಯಿತು. ಹೊಸ ಟ್ಯೂಬು ಕಣ್ಣಿಗೂ ಸಿಗದ ಕಾಲ, ತೇಪೆಯ ಮೇಲೆ ತೇಪೆ. ಹೊರೆಯ ಆಳುಗಳೊಂದಿಗೆ ಹನೂರಿನಲ್ಲೇ ರಾತ್ರಿ ಉಳಿದು ಮಾರನೇ ದಿನ ಮಧ್ಯಾಹ್ನ ಊರು ಸೇರಿದೆ. ಚರಕದ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದವನು ನನ್ನ ಭಾವಮೈದ, ಹೆಂಡತಿಯ ತಮ್ಮ. ಅವನು ಮೊದಲ ಬುಟ್ಟಿಯ ಬಾಯಿ ಬಿಚ್ಚಿ ಹಿಂದೆ ಸರಿದ. ಗೂಡುಗಳ ಮೇಲೆಲ್ಲ ಒದ್ದೆ ರೆಕ್ಕೆಯ ಬಿಳಿ ಚಿಟ್ಟೆಗಳು ಹರಿದಾಡುತ್ತಿದ್ದವು. ಒಂದು ಮನೆಯ ಗೂಡು ಹಳೆಯದಿತ್ತು. ಹೊಸ ಗೂಡು ಕೂಡ ಅವುಗಳ ಕಂದು ನೀರಿನಲ್ಲಿ ನೆನೆದು ಕಲೆಯಾಗಿತ್ತು. ಬಾಣಲೆಯ ಮುಂದೆ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಒಬ್ಬಳು ಮೆಲ್ಲಗೆ ಅಂದದ್ದು ನನಗೂ ಕೇಳಿಸಿತು.

"ಸೌಕಾರ್ರು ಇವತ್ತು ಚಿಟ್ಟ ಸಾಕಕ್ ತಂದವ್ರ ಕಣಕ್ಕ."

ನಾನೂ ನಕ್ಕೆ. ಆಮೇಲೆ ಊಟಕ್ಕೆ ಕೂತಾಗ ಅನ್ನ ಕಲಸಲು ಆಗಲಿಲ್ಲ. ಬೆರಳು ತಟ್ಟೆಯ ಅಂಚಿಗೆ ತಾಗಿ ತಾಗಿ ಸದ್ದಾಗುತ್ತಿತ್ತು. ಹೆಂಡತಿ ಆ ತಟ್ಟೆಯನ್ನು ಎಳೆದುಕೊಂಡು ತಾನೇ ಕಲಸಿ ಮುಂದಿಟ್ಟಳು. "ಯಳಂದೂರ್ ಪಂಡಿತ್ರ ತಾವ್ಕ ಓಗನ, ಗಾಡಿ ಕಟ್ಸಿ," ಎಂದಳು. ಕೆಲಸವಿದೆ ಎಂದೆ. "ಕೈಯೇ ಇಲ್ಲ, ಕೆಲ್ಸ ಯಾವ್ದರಲ್ ಮಾಡೀರಿ?" ಎಂದಳು. ಮಾರನೇ ದಿನ ಗಾಡಿ ಕಟ್ಟಿಸಿದೆ.

ಯಳಂದೂರು ಮೈಸೂರು ಸಂಸ್ಥಾನ, ನಮ್ಮದು ಮದರಾಸು ಸರ್ಕಾರ. ಗಾಡಿಯಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಪಂಡಿತರು ನಾಡಿ ನೋಡಿದರು, ನಾಲಿಗೆ ನೋಡಿದರು, ನಾನು ದಿನವೆಲ್ಲ ಏನು ಮಾಡುತ್ತೇನೆ ಎಂದು ಕೇಳಿದರು. ಹೇಳುತ್ತ ಹೋದೆ. ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿ, ಕೈಯಲ್ಲಿ ರೋಗವಿಲ್ಲ, ಒಂದು ಮಂಡಲ ಎಲ್ಲ ಕೆಲಸ ಬಿಟ್ಟು ಮನೆಯಲ್ಲಿರಬೇಕು, ಹರಳೆಣ್ಣೆ ತಿಕ್ಕಿಸಿಕೊಳ್ಳಬೇಕು ಎಂದರು. ಒಂದು ಮಂಡಲ ಎಂದರೆ ಒಂದೂವರೆ ತಿಂಗಳು ದಾಟುತ್ತದೆ. ಒಂದು ಪೂರಾ ಬೆಳೆ ಗೂಡು ಕೈ ತಪ್ಪುತ್ತದೆ. ನಾನು ಹದಿನೈದು ದಿನ ಎಂದೆ. ಅವರು ಆಗದು ಎಂದರು. ಒಂದು ವಾರ ಎಂದೆ.

"ಅಲ್ಲಯ್ಯ, ನೀವು ಇಳಿಸ್ತಾ ಹೋಗ್ತಿದ್ದೀರಲ್ಲ. ನಾನೇನು ಗೂಡು ಮಾರ್ತಾ ಇದ್ದೀನಾ?"

ಕೊನೆಗೆ ನಾನೇ ದಾರಿ ಹುಡುಕಿದೆ. ಒಟ್ಟಿಗೆ ಬೇಡ, ಬಿಡಿ ಬಿಡಿಯಾಗಿ ಕೊಡುತ್ತೇನೆ, ವಾರಕ್ಕೊಂದು ದಿನ, ವರ್ಷಪೂರ್ತಿ. ಲೆಕ್ಕ ಹಾಕಿದರೆ ಅವರ ಮಂಡಲಕ್ಕಿಂತ ಹೆಚ್ಚೇ ಆಗುತ್ತದೆ ಎಂದೆ. ಪಂಡಿತರು ಹೆಂಡತಿಯ ಮುಖ ನೋಡಿ ನಕ್ಕರು. "ಆಗಲಿ. ನಿಮ್ಮ ಗಾಡಿ ಎತ್ತಿಗೆ ಯಾವತ್ತು ಬಿಡುವೋ ಅವತ್ತು ನಿಮಗೂ ಬಿಡುವು."

ಅವರಿಗೆ ನನ್ನ ಸೋಮವಾರದ ವಿಷಯ ಏನೂ ಗೊತ್ತಿರಲಿಲ್ಲ. ಬೇರೆ ದಿನ ಕೇಳೋಣ ಎಂದು ಬಾಯಿ ತೆರೆದೆ. ಪಕ್ಕದಲ್ಲಿ ಹೆಂಡತಿ ಆಗಲೇ ಕೈ ಮುಗಿದು ಎದ್ದಾಗಿತ್ತು. ಮಾತು ಒಪ್ಪಿದ ಮೇಲೆ ಹಿಂದೆ ಸರಿಯುವವನು ವ್ಯಾಪಾರಿಯಲ್ಲ. ನನ್ನ ಚೌಕಾಸಿಯಲ್ಲಿ ನಾನೇ ಸಿಕ್ಕಿಬಿದ್ದೆ.

ಮೊದಲ ಸೋಮವಾರ ಜಗುಲಿಯಲ್ಲಿ ಕೂತೆ. ಪಕ್ಕದ ಕೊಟ್ಟಿಗೆಯಲ್ಲಿ ಹಿಂದಿನ ವಾರ ಉಳಿದ ಗೂಡಿಗೆ ಚರಕ ತಿರುಗುವುದು ಕೇಳುತ್ತಿತ್ತು. ಯಾವ ಚರಕ ಬೇಗ ತಿರುಗುತ್ತಿದೆ, ಯಾವುದರಲ್ಲಿ ಎಳೆ ಕಡಿದು ನಿಂತಿತು ಎಂದು ಕೂತಲ್ಲೇ ತಿಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸುಮ್ಮನೆ ಒಂದು ಸಲ ನೋಡಿ ಬರುತ್ತೇನೆ ಎಂದು ಎದ್ದವನು ಸಂಜೆಯವರೆಗೆ ಬಾಣಲೆಗಳ ನಡುವೆಯೇ ಇದ್ದೆ. ಮುಂದಿನ ವಾರ ಹೆಂಡತಿ ನನ್ನನ್ನು ಹೊನ್ನೂರಿನ ತನ್ನ ನೆಂಟರ ಮನೆಗೆ ಸಾಗಹಾಕಿದಳು. ಗದ್ದೆ ಕಾಲುವೆಯ ಪಕ್ಕ ಒಂದು ತೆಂಗಿನ ಮರದ ಬುಡದಲ್ಲಿ ಕೂರಿಸಿ, ನೀರು ನೋಡಿಕೊಂಡಿರಿ ಎಂದು ಅವರು ಹೋದರು. ನೀರನ್ನು ಎಷ್ಟು ಹೊತ್ತು ನೋಡುವುದು? ಸಂಜೆ ಅವರು ಬರುವಷ್ಟರಲ್ಲಿ ಪಕ್ಕದ ತೋಟದವನಿಂದ ಕಾಯಿಯನ್ನೆಲ್ಲ ಕೊಂಡುಬಿಟ್ಟಿದ್ದೆ. ತೆಂಗಿನಕಾಯಿ ವ್ಯಾಪಾರ ನನಗೆ ಗೊತ್ತೂ ಇರಲಿಲ್ಲ. ಅವನ್ನು ಕಳಚಿಕೊಳ್ಳಲು ಇನ್ನೊಂದು ವಾರ ಓಡಾಡಿದೆ.

ಆಮೇಲೆ ಒಂದು ಉಪಾಯ ಕಂಡೆ. ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಸುಮ್ಮನಿರು ಎಂದು ತಲೆಗೆ ಹೇಳಿದರೆ ಅದು ಕೇಳುವುದಿಲ್ಲ, ಮೊದಲು ಕೈಯನ್ನು ಕಟ್ಟಬೇಕು. ಸೋಮವಾರ ಬೆಳಿಗ್ಗೆ ಎರಡೂ ಕೈಗೆ ಮೊಣಕೈವರೆಗೆ ಹರಳೆಣ್ಣೆ ಬಳಿಸಿಕೊಂಡು ಹಿತ್ತಲ ಬಿಸಿಲಲ್ಲಿ ಕೂರುತ್ತಿದ್ದೆ. ಎಣ್ಣೆಗೈಯಲ್ಲಿ ಗೂಡು ಮುಟ್ಟುವ ಹಾಗಿಲ್ಲ, ಲಡಿ ಮುಟ್ಟುವ ಹಾಗಿಲ್ಲ, ಸೈಕಲ್ ಹಿಡಿದರೆ ಜಾರುತ್ತದೆ. ಟವೆಲ್ಲಿನೊಳಗೆ ಅಂಥ ಕೈಯನ್ನು ಯಾರೂ ಹಿಡಿಯುವುದಿಲ್ಲ. ಮೊದಮೊದಲು ಕಾಲು ಕುಣಿಯುತ್ತಿದ್ದವು. ಕೆಲವು ವಾರ ಕಳೆದ ಮೇಲೆ ಕಾಲೂ ನಿಂತವು. ಒಂದು ಸೋಮವಾರ ಬಿಸಿಲಲ್ಲೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಹೆಂಡತಿ ಎದುರಿಗೆ ಕೂತು ಸೊಪ್ಪು ಸೋಸುತ್ತಿದ್ದಳು. ಎದ್ದು ಹೋಗದೆ ಅಲ್ಲೇ ನೋಡುತ್ತ ಕೂತೆ. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಅವಳ ಎದುರು ಹಾಗೆ ಕೂತದ್ದು ನೆನಪಿಲ್ಲ. ಅವತ್ತು ರಾತ್ರಿ ಅನ್ನ ನಾನೇ ಕಲಸಿಕೊಂಡೆ. ಕೈ ಪೂರಾ ನಿಂತಿರಲಿಲ್ಲ, ಆದರೆ ತಟ್ಟೆಯಲ್ಲಿ ಸದ್ದಾಗಲಿಲ್ಲ.

ಕೊಟ್ಟಿಗೆಯಲ್ಲಿ ಬೇರೆಯೇ ನಡೆಯುತ್ತಿತ್ತು. ಸೋಮವಾರದ ಗೂಡು ಬಾರದೆ ಬುಧವಾರ, ಗುರುವಾರ ಬಾಣಲೆಗೆ ಹಾಕಲು ಏನೂ ಇರುತ್ತಿರಲಿಲ್ಲ. ಹೆಂಗಸರು ಬಂದು ಕೂತು ಎದ್ದು ಹೋಗುತ್ತಿದ್ದರು. ತೆಗೆದ ನೂಲಿಗೆ ತಕ್ಕ ಕೂಲಿ, ನೂಲಿಲ್ಲದಿದ್ದರೆ ಕೂಲಿಯಿಲ್ಲ. ಇಬ್ಬರು ಬೇರೆ ಕೊಟ್ಟಿಗೆಗೆ ಹೋದರು. ಭಾವಮೈದ ಒಂದು ದಿನ ನನ್ನ ಮುಂದೆ ಬಂದು ನಿಂತ. ಸೋಮವಾರ ತಾನು ಹೋಗಿಬರಲೆ ಎಂದು ಕೇಳಿದ. ಬೇಡ ಎಂದೆ. ಮನೆಗೆ ಒಂದು ದಿನ ಬಿಡುವು ಎಂದ ಮೇಲೆ ಎಲ್ಲರಿಗೂ ಅವತ್ತೇ ಬಿಡುವು ಎಂದೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ.

"ನೀವು ಕುಂತ್ರಿ ಅಂತ ಉಳವೂ ಕುಂತಿದ್ದದಾ ಬಾವ?"

ಅದಕ್ಕೆ ನಾನು ಬಹಳ ಬುದ್ಧಿ ಹೇಳಿದೆ. ಪಂಡಿತರ ಮಾತು, ಎಣ್ಣೆಯ ಉಪಾಯ, ಚಿಟ್ಟೆ ಎದ್ದ ಬುಟ್ಟಿ, ಎಲ್ಲವನ್ನೂ ಹೇಳಿದೆ. ಅವನು ಎಲ್ಲದಕ್ಕೂ ಹೂಂ ಎಂದ. ಕೆಲವು ವಾರದಲ್ಲಿ ಬುಧವಾರದ ಬಾಣಲೆಗಳು ಮತ್ತೆ ಕಾಯತೊಡಗಿದವು. ಹೋದ ಇಬ್ಬರಲ್ಲಿ ಒಬ್ಬಳು ತಿರುಗಿ ಬಂದಳು. ಎಲ್ಲಿಂದ ಬಂತು ಗೂಡು ಎಂದರೆ, ಮಂಗಳವಾರದ ಗಾಡಿಯಲ್ಲಿ ಸಾಕುವವರೇ ಕಳಿಸಿದರು ಎಂದ ಭಾವಮೈದ. ನನ್ನ ಹೆಸರಿಗೆ ಅಷ್ಟು ಬೆಲೆ ಇದೆಯಲ್ಲ ಎಂದು ಸಂತೋಷಪಟ್ಟೆ. ಯುದ್ಧ ಮುಗಿಯುತ್ತ ಬಂದಿತ್ತು, ನೂಲಿನ ಬೆಲೆ ಆಗಲೇ ಅಲ್ಲಾಡುತ್ತಿತ್ತು. ಅಂಥ ಹೊತ್ತಿನಲ್ಲೂ ಕೂತಲ್ಲಿಗೇ ಗೂಡು ಬರುತ್ತದೆ ಎಂದರೆ ನನ್ನ ಉಪಾಯ ಗೆದ್ದಿದೆ ಎಂದೇ ನಂಬಿದೆ. ಸಿಕ್ಕಿದವರಿಗೆಲ್ಲ ಹೇಳಿದೆ ಕೂಡ.

ಹಾಗಿರುವಾಗ ಒಂದು ಸೋಮವಾರ, ಎಣ್ಣೆ ಹಚ್ಚಿಕೊಂಡು ಹಿತ್ತಲಲ್ಲಿ ಕೂತಿದ್ದೇನೆ, ಮುಂಬಾಗಿಲಲ್ಲಿ ದನಿ ಕೇಳಿತು. ಹನೂರು ದಾರಿಯ ಆ ಹುಳ ಸಾಕುವವನು. ಬೆಳಗಿನ ಜಾವವೇ ಹೊರಟು ಗೂಡಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆದು ಬಂದಿದ್ದ. ಹೆಂಡತಿ ಅಡ್ಡ ನಿಂತು, ಇವತ್ತು ಅವರು ವ್ಯಾಪಾರ ಮಾಡುವುದಿಲ್ಲ ಎಂದಳು.

"ನಾಳ ಬಾ ಕಣಣ್ಣ."

"ನಾಳ ಅನ್ನಷ್ಟ್ರಲ್ಲಿ ಚಿಟ್ಟ ಎದ್ಬುಡ್ತದ ಕಣವ್ವ. ಒಂದ್ಸಲ ಬಂದು ನೋಡ್ಲಿ, ಬೆಲ ಅವರು ಯೋಳ್ದಷ್ಟೇ ಆಗ್ಲಿ."

ಮನೆಯಲ್ಲಿ ಇಲ್ಲ ಎಂದಳು ಅವಳು. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನು ಬಾಗಿಲಲ್ಲಿ ಕೂತು ನೀರು ಕೇಳಿ ಕುಡಿದ. ಬುಟ್ಟಿ ಎತ್ತಲು ಕೈ ಕೊಡವ್ವ ಎಂದ. ಅವಳು ಎತ್ತಿ ಹೊರಿಸಿದಳು. ನಾನು ಅಲ್ಲಾಡಲಿಲ್ಲ. ಅವನ ಹೆಜ್ಜೆ ಬೀದಿಯ ತುದಿ ದಾಟಿ ಕೇಳದಾಯಿತು.

ಇಷ್ಟು ವಾರದಲ್ಲಿ ಮಾಡಿದ್ದನ್ನು ಉಳಿಸಿಕೊಳ್ಳಬೇಕಾದರೆ ನಾನು ಅಲ್ಲೇ ಕೂತಿರಬೇಕಿತ್ತು. ಹರಳೆಣ್ಣೆಯ ಕೈಯನ್ನು ಮಣ್ಣಿಗೆ ಉಜ್ಜಿಕೊಂಡು ಹಿತ್ತಲ ಬಾಗಿಲಿಂದ ಹೊರಬಿದ್ದೆ. ವ್ಯಾಪಾರದ ಆಸೆಯೋ, ಆ ಮನುಷ್ಯನ ಮೇಲಿನ ಕನಿಕರವೋ, ಬರೀ ಕಾಲಿನ ಹಳೆಯ ಚಾಳಿಯೋ, ಇವತ್ತಿಗೂ ಬಿಡಿಸಿ ಹೇಳಲಾರೆ.

ಹನೂರು ರಸ್ತೆ ಹಿಡಿಯುವ ಕಡೆ ಹುಣಸೆಮರದ ನೆರಳಲ್ಲಿ ಅವನು ಸಿಕ್ಕಿದ. ಬುಟ್ಟಿ ನೆಲದ ಮೇಲಿತ್ತು. ಪಕ್ಕದಲ್ಲಿ ನನ್ನ ಸೈಕಲ್ ನಿಂತಿತ್ತು. ಕ್ಯಾರಿಯರಿನಲ್ಲಿ ಆಗಲೇ ಎರಡು ಬುಟ್ಟಿ ಕಟ್ಟಿದ್ದವು. ನನ್ನ ಭಾವಮೈದ ಅವನ ಕೈಯ ಮೇಲೆ ಟವೆಲ್ಲು ಹಾಕಿಕೊಂಡು ಮಳೆಯ ಮಾತಾಡುತ್ತಿದ್ದ.

ಭಾವಮೈದ ನನ್ನನ್ನು ಕಂಡು ಮಾತು ನಿಲ್ಲಿಸಿದ. ಸಾಕುವವನು ತಿರುಗಿ ನೋಡಿದ. ನಾನು ಕೊಡುತ್ತೇನೆ, ನೀನು ಕೇಳಿದಷ್ಟು ಕೊಡುತ್ತೇನೆ ಎಂದೆ. ಅವನು ಟವೆಲ್ಲಿನೊಳಗಿಂದ ಕೈ ತೆಗೆಯಲಿಲ್ಲ. ಸಿಟ್ಟಿಲ್ಲದೆ, ಕಾಯಿಲೆಯವರೊಂದಿಗೆ ಆಡುವ ದನಿಯಲ್ಲಿ ಹೇಳಿದ.

"ಬುಡಿ ಸಾ, ಇವತ್ತು ನಿಮ್ ಸ್ವಾಮಾರ. ಓಗಿ, ಕುಂತ್ಕಳಿ."

ವ್ಯಾಪಾರ ಮುಗಿದು ಅವನು ಹೊರಟ ಮೇಲೆ ನಾವಿಬ್ಬರೂ ಸೈಕಲ್ಲನ್ನು ಒಂದೊಂದು ಕಡೆಯಿಂದ ಹಿಡಿದು ತಳ್ಳಿಕೊಂಡು ಬಂದೆವು. ಭಾವಮೈದನ ಮುಖ ನೋಡಿದೆ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ವಾರದಲ್ಲಿ ಆರು ದಿನ ಅವನ ಪಕ್ಕದಲ್ಲೇ ಕೆಲಸ ಮಾಡಿದ್ದೇನೆ, ಅವನನ್ನು ನೋಡಿಯೇ ಇರಲಿಲ್ಲ. ಎಷ್ಟು ದಿನದಿಂದ ಸೋಮವಾರ ಹೋಗುತ್ತಿದ್ದೀಯ ಎಂದು ಕೇಳಿದೆ. ಬಹಳ ದಿನದಿಂದ ಎಂದ. ನಿನ್ನ ಅಕ್ಕನಿಗೆ ಗೊತ್ತೋ ಎಂದೆ. ಅವನು ಕ್ಯಾರಿಯರಿನ ಹಗ್ಗ ಬಿಗಿಮಾಡತೊಡಗಿದ.

ನಾನು ನಿಂತುಬಿಟ್ಟೆ. ನಾಳೆಯಿಂದ ನಿಲ್ಲಿಸು ಎಂದೆ. ನನ್ನ ಹಾಗೆ ಆಗುತ್ತೀಯ, ಇನ್ನೂ ಚಿಕ್ಕವನು, ವಾರಕ್ಕೊಂದು ದಿನವಾದರೂ ಬಿಡು ಎಂದೆ.

ಅವನು ಸೈಕಲ್ ಹಿಡಿದುಕೊಂಡೇ ನನ್ನ ಕಡೆ ತಿರುಗಿದ. ಅಣಕ ಇರಲಿಲ್ಲ, ನಿಜವಾಗಿ ಕೇಳಿದ.

"ಬುಡ್ತೀನಿ ಬಾವ. ಯಾವ್ ದಿನ ಬುಡ್ಲಿ, ನೀವೇ ಯೋಳಿ."

ಸೋಮವಾರ ಬಿಟ್ಟರೆ ಗೂಡಿಲ್ಲ. ಮಂಗಳವಾರ ಆವಿ ಕೊಡದಿದ್ದರೆ ಸೋಮವಾರದ ಗೂಡು ಉಳಿಯುವುದಿಲ್ಲ. ಬುಧವಾರ, ಗುರುವಾರ ಬಾಣಲೆ. ಶುಕ್ರವಾರ ಲಡಿ ಕಟ್ಟಬೇಕು. ಶನಿವಾರ ಮಗ್ಗದವರ ಬೀದಿ. ಭಾನುವಾರ ಹೊನ್ನೂರಿನ ಸೌದೆ ಬರುತ್ತದೆ, ಇಳಿಸಿಕೊಳ್ಳಲು ಆಳು ಬೇಕು. ಯಾವ ವ್ಯಾಪಾರದಲ್ಲೂ ಎದುರಿನವನಿಗೆ ಒಂದು ಬೆರಳನ್ನಾದರೂ ಬಿಟ್ಟುಕೊಟ್ಟು ಮಾತು ಮುಗಿಸಿದವನು ನಾನು. ಅವನು ಕಾಯುತ್ತ ನಿಂತಿದ್ದ. ಬಿಸಿಲು ಏರುತ್ತಿತ್ತು, ಕ್ಯಾರಿಯರಿನ ಬುಟ್ಟಿಗಳು ಬಿಸಿಯಾಗುತ್ತಿದ್ದವು, ಆ ಗೂಡು ನಾಳೆಯವರೆಗೆ ತಡೆಯುವಂಥದ್ದಲ್ಲ.

"ನಡಿ," ಎಂದೆ. "ಮೊದಲು ಆವಿಯ ಹಂಡೆಗೆ ಬೆಂಕಿ ಹಾಕು."